ಕಪ್ಪೆಗಳ ಪ್ರೊಫೆಸರ್ ಸಿ. ಆರ್. ನಾರಾಯಣರಾವ್

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಉಭಯವಾಸಿಗಳ ಭಾಗ ಬಂದಾಗ ಐದು ಹೆಸರುಗಳನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಬ್ಯೂಫೋ, ರಾನಾ, ಹೈಲಾ, ಸಲಮಾಂಡ್ರಾ, ಇಕ್ತಿಯೋಫಿಸ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ಕರ್ನಾಟಕದ ಕಪ್ಪೆಗಳ ಪಟ್ಟಿಯೊಂದನ್ನು ತೆರೆದು ನೋಡಿ. ಕಪ್ಪೆಯ ಲ್ಯಾಟಿನ್ ಹೆಸರಿನ ಮುಂದೆ, ಅದನ್ನು ಮೊದಲು ವಿವರಿಸಿದವರ ಹೆಸರು ಮತ್ತು ಇಸವಿಯನ್ನು ಬರೆಯುವ ಪದ್ಧತಿ ಇದೆ. ಆ ಜಾಗದಲ್ಲಿ ಜರ್ಡನ್, ಗುಂತರ್, ಬೂಲೆಂಜರ್ ಎಂಬ ಯುರೋಪಿನ ಹೆಸರುಗಳ ನಡುವೆ ಮತ್ತೆ ಮತ್ತೆ ಕಾಣುವ ನಮ್ಮವರ ಹೆಸರೊಂದಿದೆ: ರಾವ್, 1920. ರಾವ್, 1937.

ಈ ರಾವ್ ನಮ್ಮ ಬೆಂಗಳೂರಿನಲ್ಲೇ ಪಾಠ ಹೇಳುತ್ತಿದ್ದವರು. ಅವರು ಕೆಲಸ ಮಾಡಿದ ಸೆಂಟ್ರಲ್ ಕಾಲೇಜು ಇವತ್ತಿಗೂ ಮೈಸೂರು ಬ್ಯಾಂಕ್ ವೃತ್ತದ ಹತ್ತಿರ ಇದೆ. ಬೊಮ್ಮನಹಳ್ಳಿಯಲ್ಲಿ ಹಳದಿ ಮಾರ್ಗದ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಸರ್ ಎಂ. ವಿಶ್ವೇಶ್ವರಯ್ಯ, ಸೆಂಟ್ರಲ್ ಕಾಲೇಜು. ಆ ಹಳೆಯ ಕಟ್ಟಡಗಳ ಎದುರು ದಿನವೂ ಸಾವಿರಾರು ಜನ ಓಡಾಡುತ್ತಾರೆ. ಪಶ್ಚಿಮ ಘಟ್ಟದ ಎಷ್ಟೋ ಕಪ್ಪೆಗಳಿಗೆ ಹೆಸರು ಸಿಕ್ಕಿದ್ದು ಅಲ್ಲಿ ಎಂಬುದು ಅವರಲ್ಲಿ ಬಹಳ ಜನಕ್ಕೆ ಗೊತ್ತಿರಲಾರದು.

ನಾರಾಯಣರಾಯರು ಹುಟ್ಟಿದ್ದು 1882ರ ಆಗಸ್ಟ್ 15ರಂದು, ಕೊಯಮತ್ತೂರಿನಲ್ಲಿ. ಓದಿದ್ದು ಬಳ್ಳಾರಿಯಲ್ಲಿ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಂದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಹೋದರು. ಅಲ್ಲಿದ್ದ ಪ್ರೊಫೆಸರ್ ಹೆಂಡರ್ಸನ್ ಏಡಿಗಳ ಮೇಲೆ ಕೆಲಸ ಮಾಡಿದ್ದ ಪ್ರಾಣಿಶಾಸ್ತ್ರಜ್ಞ. ಅವರ ಪ್ರಭಾವ ಈ ಹುಡುಗನ ಮೇಲೆ ಬಿತ್ತು. ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಮಾಡಿ ಚಿನ್ನದ ಪದಕ ಪಡೆದರು. ಆಮೇಲೆ ಶಿಕ್ಷಕ ತರಬೇತಿಯ ಎಲ್.ಟಿ. ಕೂಡ ಮುಗಿಸಿ ಕೊಯಮತ್ತೂರು ಮತ್ತು ಎರ್ನಾಕುಲಂನಲ್ಲಿ ಪಾಠ ಹೇಳಿದರು. ಕೊನೆಗೆ ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿದರು. ನಿವೃತ್ತರಾಗುವವರೆಗೂ ಅಲ್ಲೇ ಇದ್ದರು.

ಆ ಕಾಲದಲ್ಲಿ ನಮ್ಮ ದೇಶದ ಪ್ರಾಣಿಗಳ ಅಧ್ಯಯನ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿದರೆ ಮಾತ್ರ ಇವರ ಕೆಲಸದ ಬೆಲೆ ಗೊತ್ತಾಗುತ್ತದೆ. ಘಟ್ಟದಲ್ಲಿ ಕಪ್ಪೆ ಹಿಡಿಯುತ್ತಿದ್ದವರು ಹೆಚ್ಚಾಗಿ ಸೈನ್ಯದ ಅಥವಾ ಅರಣ್ಯ ಇಲಾಖೆಯ ಇಂಗ್ಲಿಷ್ ಅಧಿಕಾರಿಗಳು. ಹಿಡಿದದ್ದು ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಅಲ್ಲಿ ಬ್ರಿಟಿಷ್ ಮ್ಯೂಸಿಯಂನ ಬೂಲೆಂಜರ್ ಸಾಹೇಬರು ಅದನ್ನು ಅಳೆದು, ಎಣಿಸಿ, ಹೆಸರಿಡುತ್ತಿದ್ದರು. ಭಾರತದ ಸರೀಸೃಪ ಮತ್ತು ಉಭಯವಾಸಿಗಳ ಬಗ್ಗೆ 1890ರಲ್ಲಿ ಅವರು ಬರೆದ ದೊಡ್ಡ ಪುಸ್ತಕವೇ ಎಲ್ಲರಿಗೂ ಆಧಾರ. ಅದು ಒಳ್ಳೆಯ ಪುಸ್ತಕವೇ, ಸಂಶಯವಿಲ್ಲ. ಆದರೆ ಬಾಟಲಿಯಲ್ಲಿ ಸತ್ತು ಬಣ್ಣ ಕಳೆದುಕೊಂಡ ಕಪ್ಪೆ ಎಲ್ಲಿ ಕೂಗುತ್ತಿತ್ತು, ಎಲ್ಲಿ ಮೊಟ್ಟೆ ಇಡುತ್ತಿತ್ತು, ಅದರ ಮರಿ ಹೇಗಿತ್ತು ಎಂಬುದು ಲಂಡನ್ನಿನ ಮೇಜಿನ ಮೇಲೆ ಸಿಗುವುದಿಲ್ಲ. ಅದಕ್ಕೆ ಮಳೆಗಾಲದಲ್ಲಿ ಕೆಸರಿಗೆ ಇಳಿಯಬೇಕು.

ನಾರಾಯಣರಾಯರು ಹಿಡಿದ ಮೊದಲ ಎಳೆಗಳಲ್ಲಿ ಗೊದಮೊಟ್ಟೆಯೂ ಒಂದು.

ಇಲ್ಲಿ ಸ್ವಲ್ಪ ಪಾಠದ ವಿಷಯಕ್ಕೆ ಬರೋಣ. ಕೋಳಿಮೊಟ್ಟೆಗೆ ಚಿಪ್ಪು ಇದೆ. ಒಳಗಿನ ನೀರು ಆರುವುದಿಲ್ಲ, ಹಾಗಾಗಿ ಒಣ ನೆಲದ ಮೇಲೆ ಇಟ್ಟರೂ ಮರಿ ಬದುಕುತ್ತದೆ. ಮೀನಿನ ಮೊಟ್ಟೆಗೂ ಕಪ್ಪೆಯ ಮೊಟ್ಟೆಗೂ ಆ ಚಿಪ್ಪಿಲ್ಲ. ಕಪ್ಪೆಯ ಮೊಟ್ಟೆಯ ಸುತ್ತ ಇರುವುದು ಬರೀ ಲೋಳೆ. ಅದರ ಮೂಲಕ ಆಮ್ಲಜನಕ ಸುಲಭವಾಗಿ ಒಳಗೆ ಹೋಗುತ್ತದೆ, ಆದರೆ ಗಾಳಿಗೆ ಬಿಟ್ಟರೆ ಒಣಗಿಹೋಗುತ್ತದೆ. ಆದ್ದರಿಂದ ಹೆಣ್ಣು ಕಪ್ಪೆ ನೀರಿಗೆ ಬರುತ್ತದೆ, ಮೊಟ್ಟೆ ಬಿಡುತ್ತದೆ, ಗಂಡು ಅದರ ಮೇಲೆ ವೀರ್ಯ ಬಿಡುತ್ತದೆ. ನಿಷೇಚನೆ ದೇಹದ ಹೊರಗೆ, ನೀರಿನಲ್ಲೇ. ಹೆಚ್ಚಿನ ಮೀನುಗಳಲ್ಲೂ ಇದೇ ಕ್ರಮ. ಮೊಟ್ಟೆಯೊಡೆದು ಬರುವುದು ಕಾಲಿಲ್ಲದ, ಬಾಲವಿರುವ, ಕಿವಿರಿನಿಂದ ಉಸಿರಾಡುವ ಗೊದಮೊಟ್ಟೆ. ನೋಡಲು ಮೀನಿನ ಮರಿಯಂತೆಯೇ ಇರುತ್ತದೆ. ವಾರಗಳು ಕಳೆದ ಮೇಲೆ ಅದಕ್ಕೆ ಕಾಲು ಬಂದು, ಬಾಲ ಕರಗಿ, ಶ್ವಾಸಕೋಶ ಬೆಳೆದು ದಡ ಹತ್ತುತ್ತದೆ.

ಗೊದಮೊಟ್ಟೆಗಳೆಲ್ಲ ಒಂದೇ ಥರ ಎಂದು ನಮಗೆ ಅನ್ನಿಸುತ್ತದೆ. ಹಾಗಲ್ಲ. ಬಾಯಿಯನ್ನು ಲೆನ್ಸಿನಲ್ಲಿ ನೋಡಿದರೆ ಒಂದೊಂದು ಗುಂಪಿನದು ಒಂದೊಂದು ರೀತಿ. ಬಹಳಷ್ಟು ಗೊದಮೊಟ್ಟೆಗಳಿಗೆ ಗಿಣಿಯ ಕೊಕ್ಕಿನಂಥ ಗಟ್ಟಿ ದವಡೆಯೂ ಸುತ್ತ ಸಾಲುಸಾಲು ಸಣ್ಣ ಹಲ್ಲುಗಳೂ ಇರುತ್ತವೆ. ಅವು ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತವೆ. ಕಿರುಬಾಯಿಯ ಕಪ್ಪೆಗಳು, ಅಂದರೆ ಮೈಕ್ರೋಹೈಲಾ ಮತ್ತು ಅದರ ಬಳಗದವುಗಳ ಗೊದಮೊಟ್ಟೆಗೆ ಕೊಕ್ಕೂ ಇಲ್ಲ, ಹಲ್ಲೂ ಇಲ್ಲ. ಅವು ನೀರನ್ನು ಒಳಕ್ಕೆ ಎಳೆದುಕೊಂಡು ಅದರಲ್ಲಿರುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತವೆ. ದೊಡ್ಡ ಮಳೆ ಬಂದ ಮರುದಿನ ನಮ್ಮ ಸುತ್ತಮುತ್ತಲ ಖಾಲಿ ಸೈಟುಗಳಲ್ಲಿ ನಿಂತ ನೀರನ್ನು ಬಗ್ಗಿ ನೋಡಿದರೆ ಗಾಜಿನಂತೆ ಪಾರದರ್ಶಕವಾದ ಪುಟ್ಟ ಗೊದಮೊಟ್ಟೆಗಳು ಕಂಡಾವು. ಅವು ಮೈಕ್ರೋಹೈಲಾದವು ಇರಬಹುದು.

ನಾರಾಯಣರಾಯರು 1914ರಲ್ಲಿ ಘಟ್ಟದ ರಾನಾ ಕರ್ಟಿಪೆಸ್ ಎಂಬ ಕಪ್ಪೆಯ ಗೊದಮೊಟ್ಟೆಯ ಬಗ್ಗೆ ಬರೆದರು. ಕೊಡಗು, ಸಕಲೇಶಪುರದ ಕಡೆ ಹಳ್ಳಗಳಲ್ಲಿ ಕಪ್ಪಗೆ, ದಪ್ಪಗೆ, ಗುಂಪುಗುಂಪಾಗಿ ಮೀನಿನ ಹಿಂಡಿನಂತೆ ಈಜುವ ಗೊದಮೊಟ್ಟೆಗಳನ್ನು ಊರಿಗೆ ಹೋದಾಗ ನೋಡಿದ್ದರೆ ನೆನಪಿರಬಹುದು. ಅವೇ ಇವು. ಆಮೇಲೆ 1918ರಲ್ಲಿ ಭಾರತದ ಕಿರುಬಾಯಿ ಕಪ್ಪೆಗಳ ಗೊದಮೊಟ್ಟೆಗಳ ಬಗ್ಗೆ ಟಿಪ್ಪಣಿ ಪ್ರಕಟಿಸಿದರು. ಕೇಳಲು ಇದು ಸಣ್ಣ ಕೆಲಸ. ಮಾಡಲು ಹೋದರೆ ತಾಳ್ಮೆಯ ಕೆಲಸ. ಒಂದು ಗೊದಮೊಟ್ಟೆ ಯಾವ ಕಪ್ಪೆಯದು ಎಂದು ಅದರ ಮುಖ ನೋಡಿ ಹೇಳಲಾಗುವುದಿಲ್ಲ. ತೊಟ್ಟಿಯಲ್ಲಿ ನೀರು ಬದಲಾಯಿಸುತ್ತ, ಆಹಾರ ಹಾಕುತ್ತ, ಅದು ಕಪ್ಪೆಯಾಗುವ ತನಕ ಸಾಕಬೇಕು. ಮಧ್ಯದಲ್ಲಿ ಸತ್ತರೆ ಮುಂದಿನ ಮಳೆಗಾಲಕ್ಕೆ ಕಾಯಬೇಕು.

1920ರಲ್ಲಿ ಅವರ ಎರಡು ಕೆಲಸಗಳು ಬಂದವು. ಒಂದು ಮೀನಿನದು, ಒಂದು ಕಪ್ಪೆಯದು. ಶಿವಮೊಗ್ಗದ ತುಂಗಾ ನದಿಯಲ್ಲಿ, ಬಂಡೆಗೆ ಬಾಯಿಯ ಕೆಳಗಿನ ತಟ್ಟೆಯಿಂದ ಅಂಟಿಕೊಂಡು ರಭಸದ ನೀರಿನಲ್ಲೂ ಕೊಚ್ಚಿಹೋಗದ ಗಾರಾ ಜಾತಿಯ ಮೀನೊಂದನ್ನು ಅವರು ವಿವರಿಸಿದರು. ಮೂತಿಯ ಮೇಲೆ ಎರಡು ಕೊಂಬಿನಂತಹ ಉಬ್ಬು ಇದ್ದುದರಿಂದ ಗಾರಾ ಬೈಕಾರ್ನೂಟಾ, ಅಂದರೆ ಇಕ್ಕೊಂಬಿನ ಗಾರಾ ಎಂದು ಹೆಸರಿಟ್ಟರು. ಕೊಡಗಿನ ಜೌಗು ಕಾಡಿನಲ್ಲಿ ಸಿಕ್ಕಿದ ಪುಟ್ಟ ಕಪ್ಪೆಗೆ ನಿಕ್ಟಿಬ್ಯಾಟ್ರಕಸ್ ಸಾಂಕ್ಟಿಪಾಲುಸ್ಟ್ರಿಸ್ ಎಂದು ಹೆಸರಿಟ್ಟರು. ಉಚ್ಚರಿಸಲು ನಾಲಿಗೆ ತಿರುಗದಿದ್ದರೂ ಅರ್ಥ ಚೆನ್ನಾಗಿದೆ: ಪವಿತ್ರ ಜೌಗಿನ ಇರುಳುಗಪ್ಪೆ. ಈ ಇರುಳುಗಪ್ಪೆಗಳ ಮೊಟ್ಟೆ ಇಡುವ ಕ್ರಮವೇ ಸ್ವಲ್ಪ ಬೇರೆ. ಹಳ್ಳದ ನೀರಿನ ಮೇಲೆ ಬಾಗಿದ ಎಲೆಗೋ ಒದ್ದೆ ಬಂಡೆಗೋ ಮೊಟ್ಟೆ ಅಂಟಿಸುತ್ತವೆ. ಮರಿ ಹೊರಬಂದಾಗ ಜಾರಿ ಕೆಳಗಿನ ನೀರಿಗೆ ಬೀಳುತ್ತದೆ. ಮೊಟ್ಟೆ ನೀರಿನ ಮೇಲೆ, ಗೊದಮೊಟ್ಟೆ ನೀರಿನ ಒಳಗೆ. ಈ ಬಳಗದ ಇನ್ನೊಂದು ಕಪ್ಪೆ ಉತ್ತರ ಕನ್ನಡದ ಕಾಡಿನಲ್ಲಿದೆ. ಅದರ ಗಂಡು ಕೈಯಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ಅದಕ್ಕೆ ವಿಜ್ಞಾನಿಗಳು ಕುಂಬಾರ ಎಂದೇ ಹೆಸರಿಟ್ಟರು. ಅದು ರಾಯರ ಕಾಲದ ನಂತರದ ಮಾತು, ಆದರೆ ಹೇಳದೆ ಬಿಡಲು ಮನಸ್ಸಾಗಲಿಲ್ಲ.

1925ರಲ್ಲಿ ರಾಮಣ್ಣ ಎಂಬವರ ಜೊತೆ ಸೇರಿ ಕಿರುಬಾಯಿ ಕಪ್ಪೆಗಳ ಹೊಸ ಕುಲವೊಂದನ್ನೇ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಕುಲದ ಹೆಸರು ರಾಮನೆಲ್ಲಾ. ಜೊತೆಗೆ ಕೆಲಸ ಮಾಡಿದವರ ಹೆಸರು ಅದರೊಳಗೇ ಕೇಳಿಸುತ್ತದೆ. ತೊಂಬತ್ತು ವರ್ಷ ಆ ಹೆಸರು ಬಳಕೆಯಲ್ಲಿತ್ತು. 2016ರಲ್ಲಿ ವಂಶವಾಹಿ ಅಧ್ಯಯನದ ಮೇಲೆ ಅದನ್ನು ಯುಪೆರೋಡಾನ್ ಎಂಬ ಬಲೂನು ಕಪ್ಪೆಗಳ ಕುಲಕ್ಕೆ ಸೇರಿಸಿದರು. ವಿಜ್ಞಾನದಲ್ಲಿ ಹೀಗೆ ಆಗುತ್ತಿರುತ್ತದೆ.

ವಿಶ್ವವಿದ್ಯಾಲಯ ಎಂದರೆ ಬರೀ ಪಾಠ ಹೇಳಿ ಪರೀಕ್ಷೆ ನಡೆಸುವ ಜಾಗವಲ್ಲ, ಅಲ್ಲಿ ಸಂಶೋಧನೆಯೂ ನಡೆಯಬೇಕು ಎಂಬುದು ರಾಯರ ನಿಲುವು. ಆಗಿನ ನಮ್ಮ ಕಾಲೇಜುಗಳಲ್ಲಿ ಇದು ಸುಲಭದ ಮಾತಾಗಿರಲಿಲ್ಲ. ಅವರ ವಿಭಾಗದಲ್ಲಿ ಬೆಳೆದ ಎಲ್. ಎಸ್. ರಾಮಸ್ವಾಮಿ ಕಪ್ಪೆಗಳ ತಲೆಬುರುಡೆಯ ರಚನೆಯ ಮೇಲೆ ಕೆಲಸ ಮಾಡಿದರು. ಬಿ. ಆರ್. ಶೇಷಾಚಾರ್ ಸಿಸಿಲಿಯನ್‌ಗಳನ್ನು ಹಿಡಿದುಕೊಂಡರು. ನೀವು ಬಾಯಿಪಾಠ ಮಾಡುವ ಇಕ್ತಿಯೋಫಿಸ್ ಇದೇ ಗುಂಪಿನದು. ಕಾಲಿಲ್ಲದ, ಎರೆಹುಳುವಿನಂತೆ ಕಾಣುವ, ಜನ ಹಾವಿನ ಮರಿ ಎಂದು ಹೆದರಿ ಹೊಡೆದು ಸಾಯಿಸುವ ಉಭಯವಾಸಿ. ಇದು ನೀರಿನ ಪಕ್ಕದ ಒದ್ದೆ ಮಣ್ಣಿನಲ್ಲಿ ಮೊಟ್ಟೆ ಇಟ್ಟು, ತಾಯಿ ಅದರ ಸುತ್ತ ಸುರುಳಿ ಸುತ್ತಿಕೊಂಡು ಕಾಯುತ್ತದೆ. ಮರಿ ಹೊರಬಂದ ಮೇಲೆ ನೀರಿಗೆ ಇಳಿಯುತ್ತದೆ. ಪಠ್ಯದಲ್ಲಿ ಒಂದು ಪದವಾಗಿ ಉಳಿದ ಈ ಪ್ರಾಣಿಯ ಬಗ್ಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅಷ್ಟು ಹಿಂದೆಯೇ ಸೂಕ್ಷ್ಮದರ್ಶಕ ಹಿಡಿದು ಕೆಲಸ ನಡೆದಿತ್ತು.

ರಾಯರ ಹೆಸರನ್ನು ಕಪ್ಪೆಗಳ ಬಗ್ಗೆ ಏನೂ ತಿಳಿಯದವರೂ ನೆನೆಯುವುದು ಇನ್ನೊಂದು ಕಾರಣಕ್ಕೆ. ಇಂಗ್ಲೆಂಡಿನಲ್ಲಿ ನೇಚರ್ ಎಂಬ ಪತ್ರಿಕೆ ಇತ್ತು, ಹೊಸ ಸಂಶೋಧನೆಯನ್ನು ಬೇಗ ಪ್ರಕಟಿಸಲು. ಭಾರತದ ವಿಜ್ಞಾನಿಗಳಿಗೆ ಅಂಥ ಸ್ವಂತ ಪತ್ರಿಕೆ ಇರಲಿಲ್ಲ. 1932ರ ಜುಲೈನಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಹೊರಟಿತು. ಸಿ. ವಿ. ರಾಮನ್, ಬೀರಬಲ್ ಸಾಹ್ನಿ, ಮೇಘನಾದ ಸಾಹಾ ಅವರಂಥ ದೊಡ್ಡವರ ಬೆಂಬಲ ಅದಕ್ಕಿತ್ತು. ಸಂಪಾದಕರಾಗಿ ಕುಳಿತವರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು. 1942ರವರೆಗೆ, ಹತ್ತು ವರ್ಷ, ಅವರೇ ಅದನ್ನು ನಡೆಸಿದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಎಲ್ಲ ಕಡೆಯ ಲೇಖನಗಳನ್ನೂ ಓದಿ, ತಿದ್ದಿ, ಅಚ್ಚಿಗೆ ಕಳಿಸುವ ಕೆಲಸ. ಪತ್ರಿಕೆ ಇವತ್ತಿಗೂ ಬೆಂಗಳೂರಿನಿಂದಲೇ ಬರುತ್ತಿದೆ.

ಇಷ್ಟರ ನಡುವೆಯೂ ಕಪ್ಪೆ ಕೈಬಿಡಲಿಲ್ಲ. 1937ರಲ್ಲಿ, ಅವರು ನಿವೃತ್ತರಾದ ವರ್ಷವೇ, ದಕ್ಷಿಣ ಭಾರತದ ಹೊಸ ಉಭಯವಾಸಿಗಳ ಬಗ್ಗೆ ನಲವತ್ತು ಪುಟದ ಲೇಖನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಅವರ ಜೀವಮಾನದ ತಿರುಗಾಟವೆಲ್ಲ ಅದರಲ್ಲಿದೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವ ದಾರಿಯಲ್ಲಿ ಕೆಂಪುಹೊಳೆ ಎಂಬ ಕಾಡು ಬರುತ್ತದೆ. ಮಂಗಳೂರು ಬಸ್ಸಿನಲ್ಲಿ ಹೋಗುವಾಗ ನಿದ್ದೆ ಮಾಡುತ್ತಾ ದಾಟಿಬಿಡುತ್ತೇವೆ. ಆ ಒಂದು ಕಾಡಿನಿಂದ ಅವರು ಹಲವು ಕಪ್ಪೆಗಳನ್ನು ವಿವರಿಸಿದರು. ಒಂದಕ್ಕೆ ಕೆಂಪ್‌ಹೊಳೆಯೆನ್ಸಿಸ್ ಎಂದೇ ಹೆಸರು. ನಮ್ಮ ಕನ್ನಡದ ಹೊಳೆಯೊಂದು ಹೀಗೆ ಲ್ಯಾಟಿನ್ ಪುಸ್ತಕಕ್ಕೆ ಸೇರಿತು. ಇನ್ನೊಂದು ಕಪ್ಪೆಯ ಹೆಸರು ಸ್ವಾಮಿಯಾನಸ್, ರಾಮಸ್ವಾಮಿಯವರನ್ನು ನೆನಪಿಸುತ್ತದೆ. ಮತ್ತೊಂದು ಚಾರಿಯಸ್, ಅದನ್ನು ಇಂಗ್ಲಿಷಿನಲ್ಲಿ ಇಂದಿಗೂ ಶೇಷಾಚಾರರ ಪೊದೆಗಪ್ಪೆ ಎಂದೇ ಕರೆಯುತ್ತಾರೆ. ಗುರು ಶಿಷ್ಯನ ಹೆಸರನ್ನು ಕಪ್ಪೆಗೆ ಇಡುವುದನ್ನು ನಮ್ಮ ಹುಡುಗರು ಕೇಳಿದರೆ ನಗಬಹುದು. ಆ ಲೋಕದಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ.

ಈಗ ಬೇಸರದ ಮಾತು.

ಹೊಸ ಪ್ರಭೇದವೊಂದನ್ನು ವಿವರಿಸುವಾಗ ಯಾವ ಪ್ರಾಣಿಯನ್ನು ನೋಡಿ ಬರೆದರೋ ಅದನ್ನೇ ಬಾಟಲಿಯಲ್ಲಿ ಜೋಪಾನವಾಗಿ ಇಡಬೇಕು. ಅದನ್ನು ಟೈಪ್ ಮಾದರಿ ಎನ್ನುತ್ತಾರೆ. ಒಂದು ಮೀಟರ್ ಎಷ್ಟು ಎಂದು ಜಗಳ ಬಂದರೆ ಅಳತೆಕೋಲನ್ನು ತೆಗೆದು ನೋಡುವ ಹಾಗೆ, ಮುಂದೆ ಯಾರಿಗಾದರೂ ಸಂಶಯ ಬಂದರೆ ಆ ಬಾಟಲಿಯನ್ನು ತೆಗೆದು ಹೋಲಿಸಬೇಕು. ನಾರಾಯಣರಾಯರ ಕಪ್ಪೆಗಳು ಸೆಂಟ್ರಲ್ ಕಾಲೇಜಿನಲ್ಲಿದ್ದವು. ಇಂದು ಅವು ಇಲ್ಲ. ಕಳೆದುಹೋದವು.

ಇದರ ಪರಿಣಾಮ ಏನು? ಕೆಂಪುಹೊಳೆಯಿಂದ ಅವರು ಬ್ಯೂಫೋ ಬ್ರೆವಿರಾಸ್ಟ್ರಿಸ್ ಎಂಬ ಗಿಡ್ಡಮೂತಿಯ ನೆಲಗಪ್ಪೆಯನ್ನೂ, ಕೊಡಗಿನಿಂದ ರಾನಾ ಸಾರಿಸೆಪ್ಸ್ ಎಂಬ ಕಪ್ಪೆಯನ್ನೂ ವಿವರಿಸಿದ್ದರು. ಅವು ನಿಜವಾಗಿ ಬೇರೆ ಪ್ರಭೇದಗಳೇ, ಅಥವಾ ನಾವು ಬೇರೆ ಹೆಸರಿನಿಂದ ಕರೆಯುತ್ತಿರುವ ಕಪ್ಪೆಗಳೇ ಎಂದು ತೀರ್ಮಾನಿಸಲು ಹೋಲಿಸುವ ಬಾಟಲಿಯೇ ಇಲ್ಲ. ಲಂಡನ್ನಿಗೆ ಹೋದ ಜರ್ಡನ್, ಬೆಡ್ಡೋಮ್ ಕಾಲದ ಕಪ್ಪೆಗಳಲ್ಲಿ ಎಷ್ಟೋ ನೂರೈವತ್ತು ವರ್ಷದ ಮೇಲೂ ಅಲ್ಲಿ ಕಪಾಟಿನಲ್ಲಿವೆ. ನಮ್ಮವರು ನಮ್ಮೂರಲ್ಲೇ ಇಟ್ಟುಕೊಂಡದ್ದು ಉಳಿಯಲಿಲ್ಲ. ಮಾದರಿಗಳನ್ನು ಹೊರಗೆ ಕಳಿಸಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯ ಕಾಡು ತಿರುಗಿ ಕೂಡಿಸಿದ್ದನ್ನು ಅವರು ಹೋದ ಮೇಲೆ ನೋಡಿಕೊಳ್ಳಲು ಒಂದು ಕಪಾಟು, ಒಂದು ದಾಖಲೆ ಪುಸ್ತಕ, ವರ್ಷಕ್ಕೊಮ್ಮೆ ಸ್ಪಿರಿಟ್ ತುಂಬಿಸುವ ಒಬ್ಬ ಸಹಾಯಕ, ಇಷ್ಟೇ ಬೇಕಿದ್ದದ್ದು. ಯಾವ ಕಾಲೇಜಿನ ಲ್ಯಾಬಿನಲ್ಲೂ ಲೇಬಲ್ ಅಳಿಸಿಹೋದ, ನೀರು ಆವಿಯಾದ ಬಾಟಲಿಗಳು ಸಾಲಾಗಿ ನಿಂತಿರುವುದನ್ನು ನೀವು ನೋಡಿರಬಹುದು. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂಬ ಚೀಟಿ ಹೋದರೆ ಒಳಗಿರುವುದು ಬರೀ ಸತ್ತ ಕಪ್ಪೆ.

ಮಾದರಿ ಹೋದರೂ ಬರಹ ಉಳಿಯಿತು. ಕೊಡಗಿನ ಪವಿತ್ರ ಜೌಗಿನ ಇರುಳುಗಪ್ಪೆಯನ್ನು ಆಮೇಲಿನವರು ಮರೆತೇಬಿಟ್ಟಿದ್ದರು. ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಮತ್ತು ಜೊತೆಗಾರರು ಘಟ್ಟದ ಇರುಳುಗಪ್ಪೆಗಳನ್ನೆಲ್ಲ ಮತ್ತೆ ಹುಡುಕಿ 2011ರಲ್ಲಿ ಪ್ರಕಟಿಸಿದಾಗ ಹನ್ನೆರಡು ಹೊಸ ಪ್ರಭೇದಗಳ ಜೊತೆಗೆ ಇದೂ ಮತ್ತೆ ಸಿಕ್ಕಿತು. ರಾಯರು ಬರೆದು 91 ವರ್ಷಗಳಾಗಿದ್ದವು.

ನಾರಾಯಣರಾಯರು 1960ರ ಜನವರಿ 2ರಂದು ತೀರಿಕೊಂಡರು. ಅವರ ಹೆಸರು ಎರಡು ಕಡೆ ಉಳಿದಿದೆ. ಒಂದು ಮೀನಿನಲ್ಲಿ. ಕಲ್ಕತ್ತೆಯ ಸುಂದರಲಾಲ್ ಹೋರಾ ಆ ಕಾಲದ ಮೀನುಗಳ ದೊಡ್ಡ ವಿದ್ವಾಂಸರು. ಅವರು 1937ರಲ್ಲಿ ಕೊಡಗಿನ ಕಾವೇರಿಯ ಪುಟ್ಟ ಮೀನೊಂದಕ್ಕೆ ನಾರಾಯಣಿ ಎಂದು ಹೆಸರಿಟ್ಟರು. ಎಲ್ಲ ಬಾರ್ಬ್ ಮೀನುಗಳಂತೆ ಅದು ನೀರಿನಲ್ಲೇ ಮೊಟ್ಟೆ ಚೆಲ್ಲುತ್ತದೆ.

ಇನ್ನೊಂದು ಕಪ್ಪೆಯಲ್ಲಿ. ಬಿಜು ಮತ್ತು ಜೊತೆಗಾರರು ಕೇರಳದ ಆನಮುಡಿ ಶಿಖರದ ಕೆಂಪು ಬಣ್ಣದ ಕಪ್ಪೆಯೊಂದನ್ನು ವಿವರಿಸುವಾಗ, ಘಟ್ಟದ ಪುಟ್ಟ ಪೊದೆಗಪ್ಪೆಗಳಿಗೆಲ್ಲ ಹೊಸ ಕುಲವೊಂದನ್ನು ಮಾಡಿ ರಾವೋರ್ಕೆಸ್ಟಿಸ್ ಎಂದು ಕರೆದರು. 2010ರಲ್ಲಿ ಅದು ಪ್ರಕಟವಾದದ್ದು ಕರೆಂಟ್ ಸೈನ್ಸ್‌ನಲ್ಲೇ. ಈ ಕುಲದಲ್ಲಿ ಈಗ ಅರವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳ ವಿಶೇಷವೇನೆಂದರೆ, ಇವು ನೀರಿಗೆ ಹೋಗುವುದೇ ಇಲ್ಲ. ಎಲೆಯ ಮೇಲೋ, ತರಗೆಲೆಯ ಕೆಳಗಿನ ತೇವದಲ್ಲೋ ಮೊಟ್ಟೆ ಇಡುತ್ತವೆ. ಗೊದಮೊಟ್ಟೆಯ ಹಂತ ಹೊರಗೆ ಕಾಣುವುದೇ ಇಲ್ಲ. ಕಿವಿರು, ಈಜು ಯಾವುದೂ ಬೇಡದೆ ಮೊಟ್ಟೆಯೊಳಗೇ ಬೆಳೆದು, ಬೆರಳಿನ ಉಗುರಿಗಿಂತ ಚಿಕ್ಕದಾದ ಪೂರ್ತಿ ಕಪ್ಪೆಯೇ ಹೊರಗೆ ಹಾರುತ್ತದೆ. ಗೊದಮೊಟ್ಟೆಗಳ ಬಾಯಿಯನ್ನು ಲೆನ್ಸಿನಲ್ಲಿ ನೋಡುತ್ತ ಕುಳಿತ ಮನುಷ್ಯನ ಹೆಸರು, ಗೊದಮೊಟ್ಟೆಯೇ ಇಲ್ಲದ ಕಪ್ಪೆಗಳಿಗೆ ಬಂದಿತು.

ನಿಯಮದ ಪ್ರಕಾರ 1937ರ ಆ ಚಾರಿಯಸ್ ಕಪ್ಪೆಯೂ ಈ ಹೊಸ ಕುಲಕ್ಕೆ ಸೇರಿತು. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗೆ ಪೊದೆಯಲ್ಲಿ ಕುಳಿತು ಕೂಗುವ ಆ ಕಪ್ಪೆಯ ಪೂರ್ತಿ ಹೆಸರು ಈಗ ರಾವೋರ್ಕೆಸ್ಟಿಸ್ ಚಾರಿಯಸ್. ಮೊದಲ ಪದ ಮೇಷ್ಟ್ರದು, ಎರಡನೆಯದು ಶಿಷ್ಯನದು.